ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ: ಮನೆಯಲ್ಲೇ ನೋಡಬಹುದೇ, ರಿಪೇರಿಗೇ ಕೊಡಬೇಕೇ?

ತೋಟದಮನೆ_ನಾಪೋಕ್ಲು · ಜುಲೈ 9, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲಿನಿಂದ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ. ಲೆಕ್ಕಪತ್ರವೆಲ್ಲ ನಾನೇ ನೋಡಿಕೊಳ್ಳುವುದು. ಮನೆಯಲ್ಲಿರುವುದು ಒಂಬತ್ತು ವರ್ಷದ ಡೆಸ್ಕ್‌ಟಾಪ್, ವಿಂಡೋಸ್ 10, ಒಂದು ಟಿಬಿ ಹಾರ್ಡ್ ಡಿಸ್ಕ್.

ಸೋಮವಾರ ಸಂಜೆ ಗಾಳಿಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ಹೀಗೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಹಾಗಾಗಿ ಕರೆಂಟು ಹೋದಾಗೆಲ್ಲ ಕಂಪ್ಯೂಟರೂ ದಪ್ಪನೆ ನಿಂತಿತು. ಮಂಗಳವಾರ ಬೆಳಿಗ್ಗೆ ಆನ್ ಮಾಡಿದರೆ ಕಂಪನಿಯ ಗುರುತು ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ‘ಆಟೋಮ್ಯಾಟಿಕ್ ರಿಪೇರಿ’ ಎಂದು ತೋರಿಸಿ ಅಲ್ಲೇ ನಿಲ್ಲುತ್ತದೆ. ಕಿವಿಗೊಟ್ಟು ಕೇಳಿದರೆ ಡಬ್ಬದೊಳಗಿಂದ ಟಿಕ್... ಟಿಕ್... ಟಿಕ್ ಎಂದು ಒಂದೇ ಲಯದ ಸದ್ದು. ನಿನ್ನೆಯಿಂದ ಹತ್ತು ಹನ್ನೆರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ದೇನೆ.

ಕೂಲಿ ಬಟವಾಡೆಯ ಲೆಕ್ಕ ಪುಸ್ತಕದಲ್ಲೂ ಇದೆ, ಮತ್ತೆ ಬರೆದುಕೊಳ್ಳಬಹುದು. ನನಗೆ ಭಯ ಇನ್ನೊಂದಕ್ಕೆ. ಅಪ್ಪ 1987ರಿಂದ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟ ಮಳೆ ದಾಖಲೆ ಅದರಲ್ಲಿದೆ. ಪುಸ್ತಕಗಳಿಗೆ ಬೂಷ್ಟು ಹಿಡಿದು ಪುಟಗಳು ಅಂಟಿಕೊಳ್ಳತೊಡಗಿದಾಗ ಎರಡು ಮಳೆಗಾಲ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಏರಿಸಿದ್ದೆ. ಆಮೇಲೆ ಹಳೆಯ ಪುಸ್ತಕಗಳಲ್ಲಿ ಅರ್ಧದಷ್ಟು ಗೆದ್ದಲಿಗೆ ಹೋದವು. ಬೇರೆ ಪ್ರತಿ ಇಲ್ಲ.

ಮೈದುನ ಬಂದವರು ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದರೆ ಸರಿಹೋಗುತ್ತದೆ’ ಅಂದರು. ಇನ್ನೊಬ್ಬರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ ಅಂದರು. ನಾನೇ ಮಾಡಬಹುದಾದದ್ದು ಯಾವುದು, ಕೈ ಹಾಕಲೇಬಾರದ್ದು ಯಾವುದು, ದಯವಿಟ್ಟು ತಿಳಿದವರು ಹೇಳಿ.

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 9, ರಾತ್ರಿ 9:05

ಅಕ್ಕ, ಉಳಿದ ಮಾತು ಆಮೇಲೆ. ಮೊದಲು ಅದನ್ನು ಆಫ್ ಮಾಡಿ, ಗೋಡೆಯ ಪ್ಲಗ್ಗೂ ಕಿತ್ತಿಡಿ. ‘ಒಂದೇ ಒಂದು ಸಲ’ ಎಂದೂ ಆನ್ ಮಾಡಬೇಡಿ. ಫಾರ್ಮ್ಯಾಟ್ ಮಾತು ಬೇಡವೇ ಬೇಡ.

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಒಂದೇ ಲಯದ ಟಿಕ್ ಟಿಕ್ ಕೇಳಿದರೆ ನಾನೇ ನನ್ನ ಅಂಗಡಿಯಲ್ಲಿ ಕೈ ಹಿಂದೆಗೆಯುತ್ತೇನೆ. ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ, ತಿರುಗುವಾಗ ಏಳುವ ಗಾಳಿಯ ಪದರದ ಮೇಲೆ ತೇಲುತ್ತದೆ. ನಡುವಿನ ಅಂತರ ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ತಾನು ಎಲ್ಲಿದ್ದೇನೆ ಎಂದು ತಿಳಿಯಲು ಹೆಡ್ ತಟ್ಟೆಯ ಮೇಲಿನ ಗುರುತುಗಳನ್ನು ಓದಬೇಕು. ಓದಲಾಗದಿದ್ದರೆ ತೋಳು ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಹುಡುಕುತ್ತದೆ. ನಿಮಗೆ ಕೇಳುವ ಟಿಕ್ ಅದೇ. ಹೆಡ್ ನಿತ್ರಾಣವಾಗಿರಬಹುದು, ಬಾಗಿರಲೂಬಹುದು. ಬಾಗಿದ್ದರೆ ನೀವು ಆನ್ ಮಾಡಿದ ಪ್ರತಿ ಸಲವೂ ಅದು ತಟ್ಟೆಯನ್ನು ಕೆರೆಯುತ್ತದೆ. ಕೆರೆದು ಹೋದ ಜಾಗದಲ್ಲಿದ್ದ ಅಕ್ಷರ ಜಗತ್ತಿನ ಯಾವ ಲ್ಯಾಬಿನಲ್ಲೂ ವಾಪಸ್ ಬರುವುದಿಲ್ಲ.

ಈಗ ನೀವು ಮಾಡಬಹುದಾದ ಅತ್ಯುತ್ತಮ ಕೆಲಸ ಏನೂ ಮಾಡದಿರುವುದು. ಹೇಳಲು ಸುಲಭ, ಇರಲು ಕಷ್ಟ, ಗೊತ್ತು.

ಕೋಟೆಬೆಟ್ಟ_ಹುಡುಗ · ಜುಲೈ 9, ರಾತ್ರಿ 9:31

ನನ್ನ ಲ್ಯಾಪ್‌ಟಾಪ್‌ಗೂ ಕಳೆದ ವರ್ಷ ಇದೇ ಆಟೋಮ್ಯಾಟಿಕ್ ರಿಪೇರಿ ಬಂದು ನಿಂತಿತ್ತು. ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ಚೆಕ್‌ಡಿಸ್ಕ್ ಓಡಿಸಿದೆ, ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಸರಿಯಾಯಿತು. ಒಂದು ರೂಪಾಯಿ ಖರ್ಚಿಲ್ಲ. ಅಕ್ಕ, ಅಂಗಡಿಗೆ ಓಡುವ ಮೊದಲು ಅದೊಂದು ಮಾಡಿ ನೋಡಬಹುದಲ್ಲ?

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 9, ರಾತ್ರಿ 9:48

ಬೇಡ ತಮ್ಮ. ನಿನ್ನ ಡಿಸ್ಕ್‌ನಿಂದ ಸದ್ದು ಬರುತ್ತಿತ್ತಾ, ನೆನಪು ಮಾಡಿಕೋ. ಬರುತ್ತಿರಲಿಲ್ಲ ಅಂದುಕೊಳ್ಳುತ್ತೇನೆ.

ಚೆಕ್‌ಡಿಸ್ಕ್ ಸರಿಪಡಿಸುವುದು ಫೈಲ್ ವ್ಯವಸ್ಥೆಯನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎನ್ನುವ ಪಟ್ಟಿಯನ್ನು. ಡಿಸ್ಕ್ ಗಟ್ಟಿಯಾಗಿದ್ದು ಪಟ್ಟಿ ಮಾತ್ರ ಕಲಸಿದ್ದರೆ ಅದು ಒಳ್ಳೆಯ ಔಷಧ. ಡಿಸ್ಕೇ ಸಾಯುತ್ತಿದ್ದರೆ ಅದೇ ಕೆಲಸ ವಿಷವಾಗುತ್ತದೆ: ಮೂಲೆಮೂಲೆಯನ್ನೂ ಓದಿಸುತ್ತದೆ, ಓದಲಾಗದ ಜಾಗವನ್ನು ‘ಕೆಟ್ಟದ್ದು’ ಎಂದು ಗುರುತು ಹಾಕುತ್ತದೆ, ಪಟ್ಟಿಯನ್ನು ತಿದ್ದಿ ಮೇಲೆಯೇ ಬರೆಯುತ್ತದೆ. ವಿಂಡೋಸ್ ಏಳಬೇಕು ಎನ್ನುವುದು ಅದರ ಗುರಿ. ನಿಮ್ಮ ಫೈಲ್ ಉಳಿಯಬೇಕು ಎನ್ನುವುದಲ್ಲ.

ಸದ್ದಿಲ್ಲದೆ, ಬರೀ ನಿಧಾನವಾಗಿರುವ ಡಿಸ್ಕ್ ಆದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ. ಕೆಟ್ಟುಹೋದ, ಕೆಡುವ ಅಂಚಿನಲ್ಲಿರುವ, ಓದಲಾಗದ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಮೂರೂ ಸೊನ್ನೆಯಾಗಿದ್ದರೆ ತೊಂದರೆ ಬಹುತೇಕ ಬೇರೆ ಕಡೆ. ಸೊನ್ನೆಗಿಂತ ಮೇಲಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ರಿಪೇರಿ ಯೋಚನೆ ಬಿಟ್ಟು ಮೊದಲು ಮುಖ್ಯ ಫೈಲ್‌ಗಳನ್ನು ಹೊರಗೆ ತೆಗೆದುಕೊಳ್ಳಿ. ಲಿನಕ್ಸ್ ಬಲ್ಲವರು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ಪ್ರತಿಯನ್ನು ಇನ್ನೊಂದಕ್ಕೆ ಇಳಿಸಿ, ಆ ಪ್ರತಿಯ ಮೇಲೆ ಬೇಕಾದ ಪ್ರಯೋಗ ಮಾಡಬಹುದು. ಅಸಲಿನ ಮೇಲೆ ಎಂದೂ ಅಲ್ಲ.

ಕೋಟೆಬೆಟ್ಟ_ಹುಡುಗ · ಜುಲೈ 9, ರಾತ್ರಿ 10:02

ಸರಿ ಅಣ್ಣ, ಸದ್ದು ಇರಲಿಲ್ಲ. ಪುಣ್ಯಕ್ಕೆ ನನ್ನ ಡಿಸ್ಕ್ ಚೆನ್ನಾಗಿತ್ತು ಅಂತಾಯಿತು. ಅಕ್ಕ, ನನ್ನ ಮಾತು ಕೇಳಬೇಡಿ, ಅಣ್ಣ ಹೇಳಿದ ಹಾಗೆ ಮಾಡಿ.

ನಿವೃತ್ತ_ಮೇಷ್ಟ್ರು_ಗೋಣಿಕೊಪ್ಪ · ಜುಲೈ 10, ಬೆಳಿಗ್ಗೆ 6:50

ಶಾಲೆಯ ಕಂಪ್ಯೂಟರ್ ಕೋಣೆಯನ್ನು ಹನ್ನೊಂದು ವರ್ಷ ನೋಡಿಕೊಂಡವನು ನಾನು. ತಂತ್ರಜ್ಞನಲ್ಲ, ಗಣಿತದ ಮೇಷ್ಟ್ರು. ರಿಪೇರಿಯವರನ್ನು ಕರೆಸಲು ಅರ್ಜಿ ಹಾಕಿದರೆ ಅವರು ಬರುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಹಾಗಾಗಿ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬೇಕಿಲ್ಲ ಎಂದು ನಾನೇ ಒಂದು ಅಳತೆ ಇಟ್ಟುಕೊಂಡಿದ್ದೆ.

ನನ್ನ ಅಳತೆ ಇಷ್ಟೇ: ನನ್ನ ಕೈ ತಪ್ಪಿದರೆ ಹಾಳಾಗುವುದು ಏನು? ಹಾಳಾಗುವುದು ಪೇಟೆಯಲ್ಲಿ ಮತ್ತೆ ಸಿಗುವ ವಸ್ತುವಾದರೆ ನಾನು ಧೈರ್ಯವಾಗಿ ಕೈ ಹಾಕುತ್ತಿದ್ದೆ. ಮತ್ತೆ ಸಿಗದ್ದಾದರೆ, ಅದು ಮಕ್ಕಳ ಅಂಕಪಟ್ಟಿಯಿರಲಿ ನನ್ನ ಪ್ರಾಣವಿರಲಿ, ಸ್ಕ್ರೂ ಡ್ರೈವರ್ ಕೆಳಗಿಡುತ್ತಿದ್ದೆ. ಕೆಲಸ ಎಷ್ಟು ಕಷ್ಟ ಎನ್ನುವುದು ಎರಡನೆಯ ಮಾತು. ಮೆಮೊರಿ ಪಟ್ಟಿ (ರ್ಯಾಮ್) ಬಿಚ್ಚುವುದು ನೋಡಲು ದೊಡ್ಡ ಕೆಲಸ, ಆದರೆ ಅಪಾಯ ಕಡಿಮೆ. ಫಾರ್ಮ್ಯಾಟ್ ಮಾಡುವುದು ಒಂದು ಗುಂಡಿ ಒತ್ತುವ ಕೆಲಸ, ಆದರೆ ಒತ್ತಿದ ಮೇಲೆ ಪಶ್ಚಾತ್ತಾಪಕ್ಕೂ ಜಾಗವಿಲ್ಲ.

ಬೇಸಿಗೆ ರಜೆ ಮುಗಿದು ಜೂನಿನಲ್ಲಿ ಕೋಣೆಯ ಬಾಗಿಲು ತೆಗೆದಾಗ ಪ್ರತಿ ವರ್ಷ ಮೂರು ನಾಲ್ಕು ಕಂಪ್ಯೂಟರ್ ಏಳುತ್ತಿರಲಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಕೆಲವು ಬೀಪ್ ಬೀಪ್ ಎನ್ನುತ್ತವೆ. ನಮ್ಮೂರ ತೇವಕ್ಕೆ ಮೆಮೊರಿ ಪಟ್ಟಿಯ ಹಳದಿ ತುದಿಗಳ ಮೇಲೆ ಕಿಲುಬಿನ ತೆಳು ಪೊರೆ ಕೂತಿರುತ್ತದೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ, ಡಬ್ಬದ ಬರೀ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡು, ಪಟ್ಟಿ ತೆಗೆದು, ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರಿನಿಂದ ತುದಿ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ನಾಲ್ಕರಲ್ಲಿ ಮೂರು ಎದ್ದುಬಿಡುತ್ತಿದ್ದವು. ಎಂಟನೇ ತರಗತಿಯ ಹೆಣ್ಣುಮಕ್ಕಳು ಇದನ್ನು ನನಗಿಂತ ನಾಜೂಕಾಗಿ ಮಾಡುತ್ತಿದ್ದರು.

ಇನ್ನೊಂದು ಹೇಳಲೇಬೇಕು. ಒಮ್ಮೆ ಒಬ್ಬ ಸಹೋದ್ಯೋಗಿ ‘ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ವೈರಸ್ ಬಂದಿದೆ’ ಎಂದು ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೊರಟಿದ್ದರು. ಬಲ ಮೂಲೆಯಲ್ಲಿ ತಾರೀಕು ನೋಡಿದರೆ ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲೆ, ಅಂದರೆ ಒಳಗಿನ ಮುಖ್ಯ ಬೋರ್ಡಿನ ಮೇಲೆ, ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, ಮೂರು ವೋಲ್ಟಿನದು. ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಕು ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ ತಾರೀಕು ತಪ್ಪಿದರೆ ಬ್ರೌಸರ್ ಒಳಗೆ ಬಿಡುವುದಿಲ್ಲ. ಸೆಲ್ ಬದಲಿಸಿ ತಾರೀಕು ಸರಿ ಮಾಡಿದೆವು, ಮುಗಿಯಿತು.

ತೋಟದಮನೆಯವರೇ, ನಿಮ್ಮ ತಂದೆಯವರ ದಾಖಲೆ ನನ್ನ ಅಳತೆಯಲ್ಲಿ ಮತ್ತೆ ಸಿಗದ ಸಾಲಿಗೆ ಸೇರಿದ್ದು. ದಯವಿಟ್ಟು ಮುಟ್ಟಬೇಡಿ.

ಎಸ್ಟೇಟ್_ರೈಟರ್_ಸಿದ್ದಾಪುರ · ಜುಲೈ 10, ಮಧ್ಯಾಹ್ನ 1:15

ಮೇಷ್ಟ್ರು ಪ್ರಾಣದ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಎಸ್ಟೇಟ್ ಆಫೀಸಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಮಳೆ, ಆಫೀಸಿನ ಹಿಂದೆಯೇ ಸಿಡಿಲು ಬಡಿಯಿತು. ಮರುದಿನ ಕಂಪ್ಯೂಟರ್ ಸತ್ತಿತ್ತು. ಫ್ಯಾನೂ ಇಲ್ಲ, ದೀಪವೂ ಇಲ್ಲ. ಶನಿವಾರ ಬಟವಾಡೆ ಇದ್ದದ್ದರಿಂದ ನನಗೆ ಅವಸರ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕ ಹಾಗೆ ಇಳಿಸಿಕೊಡುವ ಡಬ್ಬ, ಹೊರತೆಗೆದು ಅದರ ಮುಚ್ಚಳವನ್ನೂ ಬಿಚ್ಚಿದೆ, ಒಳಗಿನ ಫ್ಯೂಸ್ ಬದಲಿಸುವ ಅಂತ. ಪ್ಲಗ್ ಕಿತ್ತಿದ್ದೆ, ಇನ್ನೇನು ಭಯ ಎಂದುಕೊಂಡಿದ್ದೆ. ಸ್ಕ್ರೂ ಡ್ರೈವರ್ ತುದಿ ಎಲ್ಲಿ ತಾಗಿತೋ, ಚಟ್ ಎಂದು ಕಿಡಿ ಹಾರಿ ಕೈ ಮೊಣಕೈವರೆಗೆ ಜೋಮು ಹಿಡಿಯಿತು. ಹೆಂಡತಿ ಇವತ್ತಿಗೂ ಆ ದಿನದ ಮಾತೆತ್ತಿದರೆ ಅಳುತ್ತಾಳೆ.

ಆಮೇಲೆ ರಿಪೇರಿಯವರು ವಿವರಿಸಿದರು. ಗೋಡೆಯ 230 ವೋಲ್ಟ್ ಎಸ್‌ಎಂಪಿಎಸ್ ಒಳಗೆ 300 ವೋಲ್ಟ್ ದಾಟಿದ ಡಿಸಿಯಾಗಿ ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆಯಂತೆ. ಪ್ಲಗ್ ಕಿತ್ತ ಮೇಲೂ ಅದು ಉಳಿಯಬಹುದಂತೆ. ಎಸ್‌ಎಂಪಿಎಸ್ ಕೆಟ್ಟರೆ ಇಡೀ ಡಬ್ಬವನ್ನೇ ಬದಲಿಸಬೇಕು, ಬಿಚ್ಚಬಾರದು. ಹಳೆಯ ದಪ್ಪ ಗಾಜಿನ ಮಾನಿಟರ್ ಇನ್ನೂ ಇಟ್ಟುಕೊಂಡವರಿದ್ದರೆ ಅದನ್ನಂತೂ ಬಿಚ್ಚಲೇಬಾರದು.

ಸಿಡಿಲಿನ ಬಗ್ಗೆ ಒಂದು ಮಾತು. ಕರೆಂಟಿನ ಪ್ಲಗ್ ಕಿತ್ತರೆ ಸಾಲದು. ನಮ್ಮಲ್ಲಿ ಆಗ ತಾಮ್ರದ ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಬರುತ್ತಿತ್ತು. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬಂದು ಮೋಡೆಮ್ ಸುಟ್ಟು, ಲ್ಯಾನ್ ವಯರಿನ ದಾರಿಯಲ್ಲಿ ಮದರ್‌ಬೋರ್ಡಿಗೂ ತಗುಲಿತ್ತು. ಈಗ ಫೈಬರ್ ಬಂದಿದೆ. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ, ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಗೇ ತಾನೇ ಸಿಕ್ಕಿಸುವುದು. ಗುಡುಗು ಕೇಳಿದ ಕೂಡಲೇ ನಾನು ಕಂಪ್ಯೂಟರ್, ಪ್ರಿಂಟರ್, ಫೈಬರ್ ಅಡಾಪ್ಟರ್, ಲ್ಯಾನ್ ವಯರ್ ನಾಲ್ಕನ್ನೂ ಕೀಳುತ್ತೇನೆ.

ಸಂಪಾಜೆ_ಗೇಟ್ · ಜುಲೈ 10, ಸಂಜೆ 5:20

ಬೇರೆ ವಿಷಯ ಉಂಟು, ಇಲ್ಲೇ ಕೇಳಬಹುದಾ? ಮಗಳ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಒತ್ತಿದರೆ ಒತ್ತುವುದೇ ಇಲ್ಲ. ಮೇಜಿನ ಮೇಲೆ ಇಟ್ಟರೆ ಅಲುಗುತ್ತದೆ, ಅಡಿ ಸಮ ಕೂರುವುದಿಲ್ಲ. ಬೇರೆಲ್ಲ ಸರಿ ಉಂಟು. ಆನ್‌ಲೈನ್ ತರಗತಿ ನಡೆಯುತ್ತಿದೆ, ಮೌಸ್ ಸಿಕ್ಕಿಸಿ ಹಾಗೇ ನಡೆಸಿಕೊಂಡು ಹೋಗಬಹುದಾ?

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 10, ಸಂಜೆ 5:34

ಬೇಡ. ಈಗಲೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಟಚ್‌ಪ್ಯಾಡಿನ ಕೆಳಗೆ ಬ್ಯಾಟರಿ ಊದಿಕೊಂಡಿರುವ ಹಾಗಿದೆ. ಲಿಥಿಯಂ ಬ್ಯಾಟರಿ ಹಳೆಯದಾದಾಗ, ಸದಾ ಚಾರ್ಜರಿನಲ್ಲೇ ಬಿಸಿಯಾಗಿ ಇದ್ದಾಗ ಒಳಗೆ ಅನಿಲ ಹುಟ್ಟಿ ದಿಂಬಿನ ಹಾಗೆ ಉಬ್ಬುತ್ತದೆ. ಒತ್ತಿದರೆ, ಚುಚ್ಚಿದರೆ ಬೆಂಕಿ ಹಿಡಿಯುತ್ತದೆ. ಉಬ್ಬಿದ ಜಾಗವನ್ನು ಒತ್ತಿ ಸಮ ಮಾಡಲು ಹೋಗಬೇಡಿ, ಹಾಸಿಗೆಯ ಮೇಲೆ ಇಡಬೇಡಿ, ಬ್ಯಾಗಿನಲ್ಲಿ ತುರುಕಬೇಡಿ. ಸಿಮೆಂಟ್ ನೆಲದ ಮೇಲೆ, ಸುತ್ತ ಕಾಗದ ಬಟ್ಟೆ ಇಲ್ಲದ ಕಡೆ ಇಟ್ಟು, ನಾಳೆಯೇ ಸರ್ವಿಸಿನವರಿಗೆ ‘ಬ್ಯಾಟರಿ ಊದಿದೆ’ ಎಂದು ಮೊದಲೇ ಫೋನಿನಲ್ಲಿ ಹೇಳಿ ಕೊಂಡೊಯ್ಯಿರಿ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಅವರ ಹತ್ತಿರವೇ ಬಿಡಿ. ತರಗತಿ ಎರಡು ದಿನ ಫೋನಿನಲ್ಲಿ ನಡೆಯಲಿ.

ಸಂಪಾಜೆ_ಗೇಟ್ · ಜುಲೈ 10, ಸಂಜೆ 5:41

ಆಫ್ ಮಾಡಿದೆ. ತುಂಬಾ ಉಪಕಾರವಾಯಿತು. ಇದು ಇಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ.

ತೋಟದಮನೆ_ನಾಪೋಕ್ಲು · ಜುಲೈ 10, ರಾತ್ರಿ 8:10

ಎಲ್ಲರ ಮಾತನ್ನೂ ಓದಿದೆ. ಪ್ಲಗ್ ಕಿತ್ತಿಟ್ಟಿದ್ದೇನೆ. ನಿನ್ನೆ ಇಲ್ಲಿ ಕೇಳದಿದ್ದರೆ ಇವತ್ತು ಬೆಳಿಗ್ಗೆ ಫಾರ್ಮ್ಯಾಟ್ ಆಗಿಹೋಗುತ್ತಿತ್ತು.

ಇನ್ನು ಅಂಗಡಿಯ ಪ್ರಶ್ನೆ. ಭಾಗಮಂಡಲದ ಕಡೆ ರಸ್ತೆಗೆ ನೀರು ಬಂದಿದೆ, ಮಡಿಕೇರಿ ದಾರಿ ತೆರೆದಿದೆ. ಮಡಿಕೇರಿಯಲ್ಲೇ ಕೊಡಲೇ, ಮೈಸೂರಿಗೆ ಹೋಗಲೇ? ಕೆಲಸ ಬಲ್ಲವರು ಯಾರು ಎಂದು ನನಗೆ ತಿಳಿಯುವುದು ಹೇಗೆ? ನಮ್ಮ ಪರಿಚಯದವರೊಬ್ಬರು ಹಿಂದೆ ಒಂದು ಅಂಗಡಿಗೆ ಡಿಸ್ಕ್ ಕೊಟ್ಟಿದ್ದರು, ಅವರು ಕೇಳದೆಯೇ ಹೊಸ ವಿಂಡೋಸ್ ಹಾಕಿ ‘ರೆಡಿ ಆಗಿದೆ’ ಎಂದು ಕೊಟ್ಟರಂತೆ. ಮದುವೆಯ ಫೋಟೋಗಳೆಲ್ಲ ಹೋದವು.

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 10, ರಾತ್ರಿ 9:20

ಅಂಗಡಿಯ ಹೆಸರು ಹೇಳುವುದಿಲ್ಲ ಅಕ್ಕ, ನಾನೂ ಅದೇ ವ್ಯಾಪಾರದಲ್ಲಿ ಇರುವವನು, ಸರಿಯಲ್ಲ. ಕೇಳಬೇಕಾದ ಪ್ರಶ್ನೆ ಹೇಳುತ್ತೇನೆ, ಉತ್ತರದಿಂದಲೇ ಮನುಷ್ಯ ತಿಳಿಯುತ್ತಾನೆ.

ನನ್ನಂಥ ಸಾಮಾನ್ಯ ರಿಪೇರಿ ಅಂಗಡಿ ಬೇರೆ, ಡೇಟಾ ರಿಕವರಿಯವರು ಬೇರೆ. ಮೆಮೊರಿ, ಎಸ್‌ಎಂಪಿಎಸ್, ಕೀಬೋರ್ಡ್, ವಿಂಡೋಸ್, ಒಡೆದ ಪರದೆ ಇವೆಲ್ಲ ನಮ್ಮ ಕೆಲಸ. ಸದ್ದು ಮಾಡುವ ಡಿಸ್ಕ್ ನಮ್ಮದಲ್ಲ. ಹೆಡ್ ಬದಲಿಸಬೇಕಾದರೆ ಅದೇ ಮಾದರಿಯ ಇನ್ನೊಂದು ಡಿಸ್ಕ್ ಬೇಕು, ಧೂಳು ಸೋಸಿದ ಗಾಳಿಯ ಕೋಣೆ ಬೇಕು. ಒಂದು ಧೂಳಿನ ಕಣ ಆ ಅಂತರಕ್ಕೆ ಬಂಡೆಯಿದ್ದ ಹಾಗೆ. ಕೌಂಟರ್ ಮೇಲೆಯೇ ಡಿಸ್ಕ್ ಮುಚ್ಚಳ ಬಿಚ್ಚಿ ನೋಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ.

‘ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿ. ‘ಮೊದಲು ಇಡೀ ಡಿಸ್ಕ್‌ನ ಇಮೇಜ್ (ತದ್ರೂಪ ಪ್ರತಿ) ತೆಗೆದು, ಫೈಲ್ ಹುಡುಕುವುದು ಅದರ ಮೇಲೆ’ ಎಂದರೆ ಕೆಲಸ ಬಲ್ಲವರು. ‘ಸಾಫ್ಟ್‌ವೇರ್ ಹಾಕಿ ಸ್ಕ್ಯಾನ್ ಮಾಡುತ್ತೇವೆ’ ಎಂದಷ್ಟೇ ಹೇಳಿದರೆ ನಮಸ್ಕಾರ ಹೇಳಿ ಬನ್ನಿ. ಪರೀಕ್ಷೆಗೆ ಎಷ್ಟು, ಪೂರ್ತಿ ಕೆಲಸಕ್ಕೆ ಎಷ್ಟು, ಫೈಲ್ ಸಿಗದಿದ್ದರೆ ಏನು ಕೊಡಬೇಕು, ಮೂರನ್ನೂ ಬರೆಸಿಕೊಳ್ಳಿ. ಸಿಗದಿದ್ದರೆ ಹಣ ಬೇಡ ಎನ್ನುವವರೂ ಇದ್ದಾರೆ. ನಿಮಗೆ ಬೇಕಾದ ಫೋಲ್ಡರ್ ಹೆಸರು ಒಂದು ಚೀಟಿಯಲ್ಲಿ ಬರೆದುಕೊಡಿ: ಮೊದಲು ಮಳೆ ಫೈಲ್, ಆಮೇಲೆ ಫೋಟೋ, ಕೊನೆಗೆ ಉಳಿದದ್ದು. ನಿತ್ರಾಣವಾದ ಹೆಡ್ ಎಷ್ಟು ಹೊತ್ತು ಬದುಕುತ್ತದೋ ಯಾರಿಗೂ ಗೊತ್ತಿಲ್ಲ. ಯಾವುದು ಮೊದಲು ಎಂದು ಅವರಿಗೆ ತಿಳಿದಿರಬೇಕು.

ಮೈಸೂರಿಗೇ ಹೋಗಿ ಅನ್ನುತ್ತೇನೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಆದರೂ ಒಂದೇ ಸಲ ಸರಿಯಾದ ಕೈಗೆ ಹೋಗಲಿ. ಡಿಸ್ಕ್ ಮಾತ್ರ ಬಿಚ್ಚಿಸಿ ಸಾಕು, ಎರಡು ವಯರು, ನಾಲ್ಕು ಸ್ಕ್ರೂ, ತಿಳಿದ ಹುಡುಗ ಯಾರಾದರೂ ಬಿಚ್ಚಿಕೊಡುತ್ತಾನೆ. ಪ್ಲಾಸ್ಟಿಕ್ ಡಬ್ಬದಲ್ಲಿ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗಿ. ಡಿಕ್ಕಿಗೆ ಹಾಕಬೇಡಿ.

ಬ್ರಹ್ಮಗಿರಿ_ಮೋಡ · ಜುಲೈ 11, ಬೆಳಿಗ್ಗೆ 7:30

ಬೇರೆಯವರಿಗೂ ಉಪಯೋಗವಾಗಲಿ ಎಂದು ಒಂದು ಸೇರಿಸುತ್ತೇನೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಹಾಕಿಕೊಂಡಿರುತ್ತದೆ, ಎಷ್ಟೋ ಜನರಿಗೆ ಗೊತ್ತೂ ಇರುವುದಿಲ್ಲ. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಅದು 48 ಅಂಕಿಯ ಕೀಲಿ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕೀಲಿ ಇಲ್ಲದಿದ್ದರೆ ಡಿಸ್ಕ್ ಗಟ್ಟಿಯಾಗಿದ್ದರೂ ಫೈಲ್ ಯಾರಿಗೂ ಸಿಗದು.

ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಫೈಲ್ ಇಡುವ ಡಿಸ್ಕ್) ಇದ್ದವರಿಗೆ ಟಿಕ್ ಟಿಕ್ ಎಚ್ಚರಿಕೆಯೂ ಇರುವುದಿಲ್ಲ. ಬಹಳ ಸಲ ಇವತ್ತು ಇದೆ, ನಾಳೆ ಇಲ್ಲ. ಅಳಿಸಿಹೋದ ಫೈಲ್ ಮರಳಿ ತರುವುದೂ ಅದರಲ್ಲಿ ಕಷ್ಟ, ಏಕೆಂದರೆ ಖಾಲಿ ಎಂದಾದ ಜಾಗವನ್ನು ಅದು ತಾನೇ ಗುಡಿಸಿಬಿಡುತ್ತದೆ.

ಮಡಿಕೇರಿ_ಮಂಜು_ಮುಸುಕು · ಜುಲೈ 11, ಬೆಳಿಗ್ಗೆ 10:45

ರಿಪೇರಿಯೇ ಬೇಕಿಲ್ಲದ ಒಂದು ಕಾಯಿಲೆಯ ಬಗ್ಗೆ ಹೇಳಬೇಕು, ಏಕೆಂದರೆ ಇದರಿಂದ ನಮ್ಮ ದೊಡ್ಡಮ್ಮ ಹಣ ಕಳೆದುಕೊಂಡರು. ಅಡುಗೆಯ ವೀಡಿಯೋ ನೋಡುತ್ತಿದ್ದಾಗ ಪರದೆ ಪೂರ್ತಿ ಕೆಂಪಾಗಿ ಸೈರನ್ ಸದ್ದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ’ ಎಂದು ಬಂತು. ಒಬ್ಬರೇ ಇದ್ದರು, ಹೆದರಿ ಕರೆ ಮಾಡಿದರು. ಆಚೆಯವನು ಮರ್ಯಾದೆಯಿಂದಲೇ ಮಾತನಾಡಿ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿ, ಬ್ಯಾಂಕಿನ ಪುಟ ತೆರೆಸಿದ.

ಯಾವ ಕಂಪನಿಯೂ ಪರದೆಯ ಮೇಲೆ ನಂಬರ್ ಕೊಟ್ಟು ಕರೆ ಮಾಡಿ ಅನ್ನುವುದಿಲ್ಲ. ಅದು ಬರೀ ಒಂದು ವೆಬ್ ಪುಟ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿ. ಆಗದಿದ್ದರೆ ಪವರ್ ಗುಂಡಿ ಹಿಡಿದು ಆಫ್ ಮಾಡಿ. ಈಗಾಗಲೇ ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ದೊಡ್ಡಮ್ಮ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ, ಆ ಎರಡು ದಿನವೇ ಮುಳುವಾಯಿತು. ಮನೆಯ ಹಿರಿಯರಿಗೆ ಬೈಯದೆ ಮೊದಲೇ ಹೇಳಿಕೊಡಿ.

ಬೆಲ್ಲದಕಾಫಿ_ಪೊನ್ನಂಪೇಟೆ · ಜುಲೈ 11, ಸಂಜೆ 4:30

ನಮ್ಮ ಮನೆಯಲ್ಲಿ ಅಮ್ಮನ ಕೈಯಿಂದ ಲ್ಯಾಪ್‌ಟಾಪ್ ಮೇಲೆ ಬೆಲ್ಲದ ಕಾಫಿ ಒಂದು ಲೋಟ ಪೂರ್ತಿ ಚೆಲ್ಲಿತ್ತು. ಯಾರೋ ಹೇಳಿದರೆಂದು ಅಕ್ಕಿ ಡಬ್ಬದಲ್ಲಿ ಹೂತು ಮೂರು ದಿನ ಇಟ್ಟೆವು. ನಾಲ್ಕನೇ ದಿನ ಆನ್ ಆಯಿತು, ಎಲ್ಲರಿಗೂ ಸಂತೋಷ. ಒಂದು ತಿಂಗಳಿಗೆ ಕೀಲಿಗಳು ಒಂದೊಂದಾಗಿ ನಿಂತು ಆಮೇಲೆ ಪೂರ್ತಿ ಸತ್ತಿತು. ಬಿಚ್ಚಿ ತೋರಿಸಿದಾಗ ಬೋರ್ಡ್ ಮೇಲೆ ಬೆಲ್ಲದ ಅಂಟು, ಅದರ ಸುತ್ತ ಹಸಿರು ಕಿಲುಬು, ಜೊತೆಗೆ ಇರುವೆ. ಅಕ್ಕಿ ಅಂಟನ್ನು ತೆಗೆಯುವುದಿಲ್ಲ, ಅದರ ಪುಡಿ ಬೇರೆ ಒಳಗೆ ಹೋಗುತ್ತದೆ.

ಆ ದಿನವೇ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆದು, ಮಗುಚಿಟ್ಟು ನೇರ ಸರ್ವಿಸಿಗೆ ಕೊಟ್ಟಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಉಳಿಸಬಹುದಿತ್ತಂತೆ. ನೀರು ಬಿದ್ದರೂ ಇದೇ. ಆನ್ ಆಗುತ್ತದಾ ನೋಡೋಣ ಎಂದು ಗುಂಡಿ ಒತ್ತುವುದೇ ದೊಡ್ಡ ತಪ್ಪು.

ಕೋಟೆಬೆಟ್ಟ_ಹುಡುಗ · ಜುಲೈ 11, ಸಂಜೆ 6:00

ಒಂದು ಪ್ರಶ್ನೆ ಅಣ್ಣ. ಎಲ್ಲದಕ್ಕೂ ಮುಟ್ಟಬೇಡಿ ಮುಟ್ಟಬೇಡಿ ಎಂದರೆ ನಾವು ಕಲಿಯುವುದು ಯಾವಾಗ? ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವುದಕ್ಕೇ ಒಂದು ದಿನ ಬೇಕು.

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 11, ರಾತ್ರಿ 8:50

ಒಳ್ಳೆಯ ಪ್ರಶ್ನೆ. ಮುಟ್ಟು, ಆದರೆ ಮೊದಲು ಪ್ರತಿ ತೆಗೆದಿಟ್ಟು ಮುಟ್ಟು. ನಾನು ಕಲಿತದ್ದೂ ಯಾರೋ ಬಿಸಾಡಿದ ಮೆಶಿನ್ ಬಿಚ್ಚಿ. ಅಂಗಡಿಗೆ ಬರುವ ಕೆಲಸದಲ್ಲಿ ಬಹಳಷ್ಟು ನೀವೇ ಮಾಡಿಕೊಳ್ಳಬಹುದಾದವು. ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ ಎಂದು ತರುತ್ತಾರೆ, ಗಾಳಿಯ ಜಾಲರಿಯಲ್ಲಿ ಬೆರಳು ದಪ್ಪದ ಧೂಳು. ಪರದೆ ಹೋಗಿದೆ ಎಂದು ತರುತ್ತಾರೆ. ಕತ್ತಲಲ್ಲಿ ಟಾರ್ಚ್ ಓರೆಯಾಗಿ ಹಿಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ, ಅಂದರೆ ಹಿಂದಿನ ಬೆಳಕು ಮಾತ್ರ ಹೋಗಿದೆ. ಎಚ್‌ಡಿಎಂಐ ವಯರಿನಲ್ಲಿ ಟಿವಿಗೆ ಜೋಡಿಸಿ ನೋಡಿದರೆ ಕೆಟ್ಟದ್ದು ಪರದೆಯೋ ಒಳಗಿನ ಬೋರ್ಡೋ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಇಷ್ಟು ತಿಳಿದುಕೊಂಡು ಬಂದವರಿಗೆ ಯಾವ ಅಂಗಡಿಯವನೂ ಇಲ್ಲದ ರಿಪೇರಿ ಹೇಳಲಾರ.

ನಿಧಾನವಾಗಿದೆ ಎಂದು ತರುವವರು ಎಲ್ಲರಿಗಿಂತ ಹೆಚ್ಚು. ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಏಳೆಂಟು ವರ್ಷದ ಕಂಪ್ಯೂಟರೂ ಚುರುಕಾಗುತ್ತದೆ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೆಯ ಪ್ರೊಸೆಸರ್‌ಗಳಿಗೆ ಅಧಿಕೃತವಾಗಿ ಅವಕಾಶವಿಲ್ಲ. ಅಂಥ ಯಂತ್ರಕ್ಕೆ ಮದರ್‌ಬೋರ್ಡೇ ಹೋಗಿದ್ದರೆ ನಾನು ರಿಪೇರಿ ಬೇಡ ಅನ್ನುತ್ತೇನೆ. ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೂ ಬೇಡ ಅನ್ನುತ್ತೇನೆ. ನನ್ನ ವ್ಯಾಪಾರಕ್ಕೆ ನಷ್ಟವೇ, ಆದರೂ ಆ ಹಣ ಕಾಳು ಕುಯ್ದು ಸಂಪಾದಿಸಿದ್ದು ಎಂದು ನನಗೆ ಗೊತ್ತು.

ತೋಟದಮನೆ_ನಾಪೋಕ್ಲು · ಜುಲೈ 21, ರಾತ್ರಿ 7:55

ಹತ್ತು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಹನ್ನೆರಡರಂದು ನೆಂಟರ ಹುಡುಗ ಬಂದು ಡಿಸ್ಕ್ ಬಿಚ್ಚಿಕೊಟ್ಟ. ಸ್ವೆಟರಿನಲ್ಲಿ ಸುತ್ತಿ ಟಿಫಿನ್ ಡಬ್ಬದಲ್ಲಿಟ್ಟು ಹದಿಮೂರರ ಬೆಳಗಿನ ಬಸ್ಸಿಗೆ ಹೊರಟೆ. ಪಿರಿಯಾಪಟ್ಟಣ ದಾಟಿದ ಮೇಲೆ ಬಿಸಿಲು ಕಂಡಿತು, ನಮ್ಮಲ್ಲಿ ಅದನ್ನು ನೋಡಿ ಮೂರು ವಾರವಾಗಿತ್ತು. ಎರಡು ಕಡೆ ವಿಚಾರಿಸಿದೆ. ಮೊದಲನೆಯವರು ಸಾಫ್ಟ್‌ವೇರ್ ಹಾಕಿ ನೋಡೋಣ ಅಂದರು, ನಮಸ್ಕಾರ ಹೇಳಿ ಬಂದೆ. ಎರಡನೆಯವರು ಸದ್ದಿನ ವಿವರ ಕೇಳಿ, ಎಷ್ಟು ಸಲ ಆನ್ ಮಾಡಿದಿರಿ ಎಂದು ಕೇಳಿದರು. ಹನ್ನೆರಡು ಸಲ ಎಂದು ಹೇಳಿದೆ. ಇಮೇಜ್ ತೆಗೆಯುವ ಮಾತನ್ನು ಅವರೇ ಎತ್ತಿದರು. ಖರ್ಚು ಬರೆದುಕೊಟ್ಟರು. ನಾನು ಚೀಟಿ ಕೊಟ್ಟೆ.

ಹೆಡ್ ಒಂದು ಹೋಗಿತ್ತಂತೆ, ಬದಲಿಸಿ ಓದಿಸಿದರು. ನಿನ್ನೆ ಫೋನ್ ಬಂತು. ಮಳೆಯ ಫೈಲ್ ಪೂರ್ತಿ ಬಂದಿದೆ. ಮಗನ ಚಿಕ್ಕಂದಿನ ಫೋಟೋಗಳಲ್ಲಿ ಒಂದಷ್ಟು ಅರ್ಧ ಬೂದು ಬಣ್ಣವಾಗಿ ಬಂದಿವೆ, ಇನ್ನೊಂದಷ್ಟು ಬರಲೇ ಇಲ್ಲ. ಅದಕ್ಕೆ ನಾನು ಅತ್ತದ್ದುಂಟು, ಇಲ್ಲ ಎನ್ನುವುದಿಲ್ಲ. ಆ ಹನ್ನೆರಡು ಸಲದಲ್ಲಿ ಎಷ್ಟು ಹೋಯಿತೋ ಎಂದು ಯೋಚನೆ ಬರುತ್ತದೆ.

ಖರ್ಚು ಒಂದು ಹೊಸ ಸಾಧಾರಣ ಕಂಪ್ಯೂಟರಿನ ಹತ್ತಿರ ಹತ್ತಿರ ಆಯಿತು. ಹಳೆಯ ಯಂತ್ರಕ್ಕೆ ಇಷ್ಟು ಸುರಿಯುವುದಾ ಎಂದು ಮನೆಯಲ್ಲಿ ಮಾತು ಬಂತು. ನಾನು ಸುರಿದದ್ದು ಯಂತ್ರಕ್ಕಲ್ಲ.

ಈಗ ಫೈಲ್ ಮೂರು ಕಡೆ ಇದೆ: ಹೊಸ ಎಸ್‌ಎಸ್‌ಡಿಯಲ್ಲಿ, ಕುಶಾಲನಗರದ ತಂಗಿಯ ಮನೆಯಲ್ಲಿಟ್ಟ ಹೊರಗಿನ ಡಿಸ್ಕ್‌ನಲ್ಲಿ, ಇಂಟರ್ನೆಟ್ ಖಾತೆಯಲ್ಲಿ. ಯುಪಿಎಸ್ ಬ್ಯಾಟರಿಯೂ ಹೊಸದು. ಜುಲೈ ಏಳರಿಂದ ಹದಿನೈದು ದಿನದ ಲೆಕ್ಕವನ್ನು ಅಪ್ಪ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದರು, ಇವತ್ತು ಸಂಜೆ ಪಕ್ಕದಲ್ಲಿ ಕೂತು ಒಂದೊಂದೇ ಓದಿದರು, ನಾನು ಏರಿಸಿದೆ. ಇವತ್ತಿನದು 4 ಇಂಚು 12 ಸೆಂಟು. ನೋಟ್‌ಪುಸ್ತಕ ಹಾಗೇ ಮುಂದುವರಿಸುತ್ತೇನೆ ಅಂದರು. ಹೊಸ ಬೈಂಡ್ ಪುಸ್ತಕ ತರಲು ನಾಳೆ ನಾಪೋಕ್ಲಿಗೆ ಹೋಗುತ್ತಿದ್ದೇನೆ.

ಸರ್ವಿಸ್_ಬೆಂಚ್_ಕುಶಾಲನಗರ · ಜುಲೈ 21, ರಾತ್ರಿ 8:30

ಓದಿ ಮನಸ್ಸು ತುಂಬಿತು ಅಕ್ಕ. ಹಳೆಯ ಡಿಸ್ಕನ್ನು ಈಗಲೇ ಬಿಸಾಡಬೇಡಿ, ಬಂದ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ ಮುಗಿಯುವವರೆಗೆ ಇರಲಿ. ತಂಗಿಯ ಮನೆಯ ಡಿಸ್ಕ್ ವರ್ಷಕ್ಕೆ ಎರಡು ಸಲ ಸಿಕ್ಕಿಸಿ ಫೈಲ್ ತೆರೆಯುತ್ತದಾ ನೋಡಿಕೊಳ್ಳಿ. ಪುತ್ತರಿ ಹಬ್ಬಕ್ಕೆ ಒಂದು ಸಲ, ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಒಂದು ಸಲ ಎಂದಿಟ್ಟುಕೊಂಡರೆ ಮರೆಯುವುದಿಲ್ಲ.